ಡ್ರೀಮ್‌ಕಾಸ್ಟ್ ಸತ್ತದ್ದು ಕಳ್ಳ ಸಿಡಿಯಿಂದಲ್ಲ

ಹಳೇ ಗೇಮ್‌ಗಳ ಹುಚ್ಚಿರುವ ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: ‘ಸೆಗಾದವರ ಡ್ರೀಮ್‌ಕಾಸ್ಟ್ ಎಂಥಾ ಮೆಷಿನ್ ಗೊತ್ತಾ? ಪೈರಸಿ ಅದನ್ನ ಕೊಂದುಹಾಕ್ತು.’ ಹೇಳುವವರಿಗೆ ಎಳ್ಳಷ್ಟೂ ಅನುಮಾನವಿರುವುದಿಲ್ಲ, ಯಾಕೆಂದರೆ ಕಥೆಯಲ್ಲಿ ಅರ್ಧ ನಿಜ ಇದೆ.

ಡ್ರೀಮ್‌ಕಾಸ್ಟ್ ಗೇಮ್‌ಗಳು ಬರುತ್ತಿದ್ದದ್ದು ಜಿಡಿ-ರಾಮ್ ಎಂಬ, ಸುಮಾರು 1 ಜಿಬಿ ಹಿಡಿಯುವ ಬೇರೆಯೇ ಬಗೆಯ ಡಿಸ್ಕ್‌ನಲ್ಲಿ. ಮನೆಯ ಸಿಡಿ ರೈಟರ್‌ಗೆ ಅದು ದಕ್ಕುತ್ತಿರಲಿಲ್ಲ. ಆದರೆ ಹಾಡಿನ ಸಿಡಿಗೆ ಒಂದಿಷ್ಟು ಚಿತ್ರ, ವಿಡಿಯೋ ಸೇರಿಸಿ ಮಾರಬಹುದೆಂಬ ಆಸೆಗೆ ಬಿದ್ದ ಸೆಗಾ, ‘ಮಿಲ್-ಸಿಡಿ’ ಎಂಬ ಇನ್ನೊಂದು ಮಾದರಿಗೂ ಮೆಷಿನ್‌ನಲ್ಲಿ ದಾರಿ ಬಿಟ್ಟಿತ್ತು. 2000ನೇ ಇಸವಿಯಲ್ಲಿ ‘ಯುಟೋಪಿಯಾ’ ಎಂಬ ಹ್ಯಾಕರ್ ಗುಂಪು ಆ ಹಿತ್ತಿಲ ಬಾಗಿಲಿನಿಂದಲೇ ಒಳಗೆ ನುಗ್ಗಿತು. ಚಿಪ್ ಹಾಕಿಸಬೇಕಿಲ್ಲ, ಮೆಷಿನ್ ಬಿಚ್ಚಬೇಕಿಲ್ಲ, ಖಾಲಿ ಸಿಡಿಯೊಂದಿದ್ದರೆ ಆಯಿತು. ಇಷ್ಟು ಸಲೀಸಾಗಿ ನಕಲಿಗೆ ಬಗ್ಗಿದ ಕನ್ಸೋಲ್‌ಗಳು ಕಡಿಮೆ.

ಈಗ ತಾರೀಖು ನೋಡಿ. ಬೀಗ ಒಡೆದದ್ದು 2000ದ ನಡುವೆ. ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸುವುದಾಗಿ ಸೆಗಾ ಹೇಳಿದ್ದು 2001ರ ಜನವರಿ 31ಕ್ಕೆ. ನಡುವೆ ಸಿಕ್ಕಿದ್ದು ಕೆಲವೇ ತಿಂಗಳು. ಆ ಕಾಲಕ್ಕೆ ಇಂಟರ್‌ನೆಟ್ ಇದ್ದ ಬಹುಪಾಲು ಮನೆಗಳಲ್ಲಿದ್ದದ್ದು ಫೋನ್ ಲೈನಿನ 56ಕೆ ಮೋಡೆಮ್. ಲೈನ್ ಒಮ್ಮೆಯೂ ಕಡಿಯದಿದ್ದರೂ ಒಂದು ಸಿಡಿಯಷ್ಟು ಫೈಲ್ ಇಳಿಸಲು ಒಂದು ಹಗಲು, ಒಂದು ರಾತ್ರಿ ಸಾಲದು. ಇಷ್ಟು ತಾಳ್ಮೆಯ ಕಳ್ಳರು ಒಂದು ಕಂಪನಿಯನ್ನು ಮುಳುಗಿಸುವಷ್ಟು ಸಂಖ್ಯೆಯಲ್ಲಿದ್ದರು ಎಂದರೆ ನಂಬುವುದು ಕಷ್ಟ.

ಸೆಗಾಕ್ಕೆ ಪೆಟ್ಟು ಬಿದ್ದದ್ದು ಅದಕ್ಕೂ ಮೊದಲು. 1994ರ ಕೊನೆಯಲ್ಲಿ ತಮ್ಮ ಹಳೇ ಕನ್ಸೋಲ್‌ಗೆ ಜೋಡಿಸುವ 32ಎಕ್ಸ್ ಎಂಬ ಯಂತ್ರ ಮಾರಿ, ಸ್ವಲ್ಪ ದಿನದಲ್ಲೇ ಅದನ್ನು ಕೈಬಿಟ್ಟರು. ದುಡ್ಡು ಕೊಟ್ಟವರು ಪೆಚ್ಚಾದರು. ಮರುವರ್ಷದ ಮೇ 11ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಮೊದಲ ಇ3 ಗೇಮ್ ಮೇಳದಲ್ಲಿ, ಸೆಪ್ಟೆಂಬರಿಗೆ ಬರಬೇಕಿದ್ದ ಸ್ಯಾಟರ್ನ್ ಕನ್ಸೋಲನ್ನು ‘ಇವತ್ತಿನಿಂದಲೇ ಅಂಗಡಿಯಲ್ಲಿ ಸಿಗುತ್ತದೆ’ ಎಂದು ಘೋಷಿಸಿದರು, ಬೆಲೆ 399 ಡಾಲರ್. ಸರಕು ಹೋದದ್ದು ಕೆಲವೇ ಮಳಿಗೆಗಳಿಗೆ. ಉಳಿದ ಅಂಗಡಿಯವರು ಕೆಂಡವಾದರು, ಗೇಮ್ ತಯಾರಿಸುತ್ತಿದ್ದವರು ಕಕ್ಕಾಬಿಕ್ಕಿಯಾದರು. ಅದೇ ದಿನ ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿ ‘299’ ಎಂದಷ್ಟೇ ಹೇಳಿ ಇಳಿದುಹೋದರು. ಹೊಸ ಪ್ಲೇಸ್ಟೇಷನ್‌ನ ಬೆಲೆ ಅದು. ಗೇಮ್ ಲೋಕದ ಅತಿ ಚಿಕ್ಕ, ಅತಿ ದುಬಾರಿ ಭಾಷಣ ಇದೇ ಇರಬೇಕು.

ಹೀಗೆ ಡ್ರೀಮ್‌ಕಾಸ್ಟ್ ಹುಟ್ಟಿದ್ದೇ ಸಾಲದ ಮನೆಯಲ್ಲಿ. ಮ್ಯಾಡನ್, ಫಿಫಾ ಗೇಮ್‌ಗಳ ಒಡೆಯನಾದ ಎಲೆಕ್ಟ್ರಾನಿಕ್ ಆರ್ಟ್ಸ್ ಅದಕ್ಕೆ ಒಂದೂ ಗೇಮ್ ಮಾಡಿಕೊಡಲಿಲ್ಲ. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಸೋನಿಯ ಪ್ಲೇಸ್ಟೇಷನ್ 2 (ಪಿಎಸ್2) ಬಂತು, ಡಿವಿಡಿ ಸಿನಿಮಾವನ್ನೂ ತೋರಿಸುತ್ತಿತ್ತು. ಸೆಗಾ ಅಧ್ಯಕ್ಷ ಇಸಾವೊ ಓಕಾವಾ, ಕಂಪನಿಗೆ ತಾವೇ ಕೊಟ್ಟಿದ್ದ ಸಾಲ ಮನ್ನಾ ಮಾಡಿ, ತಮ್ಮ ಷೇರುಗಳನ್ನೂ ಬಿಟ್ಟುಕೊಟ್ಟು ಅದನ್ನು ಉಳಿಸಿದರು. 2001ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಅಭಿಮಾನಿಗಳ ಕಥೆಯಲ್ಲಿ ಕಳ್ಳ ಸಿಡಿಗೆ ಇರುವ ಜಾಗ ಈ ಮನುಷ್ಯನಿಗಿಲ್ಲ.

ಪೈರಸಿಯೇ ಕನ್ಸೋಲ್ ಕೊಲ್ಲುವುದಾದರೆ ಮೊದಲು ಸಾಯಬೇಕಿದ್ದದ್ದು ಪ್ಲೇಸ್ಟೇಷನ್. ನಮ್ಮಲ್ಲಿ ಪಿಎಸ್2 ಕೊಂಡ ಎಷ್ಟೋ ಜನ ಮೊದಲು ಮಾಡುತ್ತಿದ್ದ ಕೆಲಸವೇ ‘ಚಿಪ್ ಹಾಕಿಸೋದು’. ಆಮೇಲೆ ಡೂಪ್ಲಿಕೇಟ್ ಡಿಸ್ಕ್‌ಗಳದ್ದೇ ರಾಜ್ಯ. ಆದರೂ ಮೊದಲ ಪ್ಲೇಸ್ಟೇಷನ್ ಜಗತ್ತಿನಾದ್ಯಂತ 10 ಕೋಟಿ ದಾಟಿತು, ಪಿಎಸ್2 15 ಕೋಟಿ ದಾಟಿತು.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಗುಂಪು ಎದ್ದು ನಿಲ್ಲುತ್ತದೆ: ‘ನೋಡಿದ್ರಾ, ಪೈರಸಿಯಿಂದ ಯಾರಿಗೂ ನಷ್ಟ ಇಲ್ಲ. ಯುರೋಪಿನವರೇ ಹೇಳಿದಾರೆ.’ ಯುರೋಪಿಯನ್ ಕಮಿಷನ್ ಮಾಡಿಸಿ ಮೂಲೆಗಿಟ್ಟಿದ್ದ ವರದಿಯೊಂದು 2017ರಲ್ಲಿ ಹೊರಬಂದದ್ದು ನಿಜ. ಗೇಮ್‌ಗಳ ಮಟ್ಟಿಗೆ ಕಳ್ಳ ಪ್ರತಿ ಆಡಿದವರು ಮುಂದೆ ಹೆಚ್ಚು ಖರೀದಿಸುತ್ತಾರೇನೋ ಎಂಬ ಅಂದಾಜು ಅದರಲ್ಲಿತ್ತು. ಆದರೆ ಲೆಕ್ಕ ತಪ್ಪುವ ಅವಕಾಶವೂ ದೊಡ್ಡದೇ ಎಂದು ಅದೇ ವರದಿ ಒಪ್ಪಿಕೊಂಡಿತ್ತು. ಡೆನುವೊ ಎಂಬ ಡಿಜಿಟಲ್ ಬೀಗ ಹಾಕಿದ ಪಿಸಿ ಗೇಮ್‌ಗಳ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನ ಇನ್ನಷ್ಟು ಖಚಿತವಾಗಿ ಮಾತಾಡುತ್ತದೆ: ಬಿಡುಗಡೆಯಾದ ಮೊದಲ ವಾರದಲ್ಲೇ ಬೀಗ ಒಡೆದರೆ ಆದಾಯದಲ್ಲಿ ಸುಮಾರು ಶೇ 20ರಷ್ಟು ಹೊಡೆತ, 12 ವಾರ ಕಳೆದ ಮೇಲೆ ಒಡೆದರೆ ಹೆಚ್ಚುಕಡಿಮೆ ಏನೂ ಇಲ್ಲ. 2016ರ ಮೇ ತಿಂಗಳಲ್ಲಿ ಬಂದ ‘ಡೂಮ್’ ಗೇಮ್‌ನಿಂದ ಡಿಸೆಂಬರ್‌ಗೆ ಡೆನುವೊ ತೆಗೆದುಹಾಕಿದ್ದು ಇಂಥ ಲೆಕ್ಕಕ್ಕೆ ಹೊಂದುತ್ತದೆ.

‘ಪವರ್ ಜಾಸ್ತಿ ಇರೋ ಕನ್ಸೋಲೇ ಗೆಲ್ಲೋದು’ ಎಂಬ ಇನ್ನೊಂದು ನಂಬಿಕೆಗೆ ಹೆಚ್ಚು ಮಾತು ಬೇಡ. ಬಣ್ಣವಿಲ್ಲದ ಗೇಮ್ ಬಾಯ್ ಬಣ್ಣದ ಗೇಮ್ ಗಿಯರನ್ನು ಸೋಲಿಸಿತು, ಬಡಪಾಯಿ ವೀ ಬಲಶಾಲಿ ಪಿಎಸ್3ಕ್ಕಿಂತ ಹೆಚ್ಚು ಮಾರಾಟವಾಯಿತು.

ರಿವ್ಯೂಗಳ ಜಗಳ ಮಾತ್ರ ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ‘ಎಲ್ರೂ ದುಡ್ಡು ತಿಂದು ಬರೀತಾರೆ’ ಎನ್ನುವವರು ಗೇಮ್‌ಸ್ಪಾಟ್ ತಾಣದ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಪ್ರಕರಣ ಎತ್ತುತ್ತಾರೆ. 2007ರಲ್ಲಿ ‘ಕೇನ್ ಅಂಡ್ ಲಿಂಚ್’ ಗೇಮ್‌ಗೆ ಅವರು 10ಕ್ಕೆ 6 ಕೊಟ್ಟರು. ಅದೇ ಗೇಮ್‌ನ ಜಾಹೀರಾತು ಅದೇ ತಾಣದ ತುಂಬ ರಾರಾಜಿಸುತ್ತಿತ್ತು, ಅವರ ಕೆಲಸ ಹೋಯಿತು. ಜಾಹೀರಾತಿನವರ ಒತ್ತಡ ಇತ್ತೆಂದು 2012ರಲ್ಲಿ ಅವರೇ ಹೇಳಿದರು. ಆದರೆ ಇದು ಲಂಚ ತಿಂದ ವಿಮರ್ಶಕನ ಕಥೆಯಲ್ಲ, ತಿನ್ನದವನ ಕಥೆ. ನಿಜವಾದ ಹಿಡಿತ ಲಕೋಟೆಯಲ್ಲಿಲ್ಲ, ಯಾರಿಗೆ, ಯಾವಾಗ, ಯಾವ ಪ್ರತಿ ಕೊಡುತ್ತಾರೆ ಎಂಬುದರಲ್ಲಿದೆ. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಬಂದಾಗ ವಿಮರ್ಶಕರಿಗೆ ಮುಂಚಿತವಾಗಿ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ಅವರು ಹೊಗಳಿದ್ದು ಅದನ್ನೇ. ಪಿಎಸ್4ಗೆ ಬಂದ ಗೇಮ್ ಎಷ್ಟು ಕೆಟ್ಟದಾಗಿತ್ತೆಂದರೆ ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆಯಿತು.

‘ಹಾಗಾದ್ರೆ ಆಡಿದ ಜನ ಕೊಡೋ ಅಂಕವೇ ಸತ್ಯ’ ಅನ್ನುತ್ತೀರಾ? ಅದೇ ವರ್ಷದ ಜೂನ್ 19ಕ್ಕೆ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಬಿಡುಗಡೆಯಾಯಿತು. ಮುಗಿಸಲು 20 ಗಂಟೆಗೂ ಹೆಚ್ಚು ಬೇಕಾದ ಆ ಗೇಮ್‌ಗೆ ಮೊದಲ ದಿನವೇ ಸಾವಿರಾರು ಜನ ಸೊನ್ನೆ ಸುರಿದರು. ಮುಂದಿನ ತಿಂಗಳಿನಿಂದ, ವಿಮರ್ಶಕರ ಮತ್ತು ಜನರ ಅಂಕಗಳನ್ನು ಒಟ್ಟುಹಾಕುವ ಮೆಟಾಕ್ರಿಟಿಕ್ ತಾಣ, ಗೇಮ್ ಬಂದು 36 ಗಂಟೆ ಆಗುವ ತನಕ ಜನರ ಅಂಕಗಳಿಗೆ ಬಾಗಿಲು ಹಾಕಿತು.

10ಕ್ಕೆ 7 ಬಂದ ಗೇಮನ್ನು ಅಭಿಮಾನಿಗಳು ಪಿಯುಸಿಯಲ್ಲಿ ಶೇ 70 ತಂದ ಮಗನ ಹಾಗೆ ನೋಡುತ್ತಾರೆ. ಅಂಕದ ಗೀಳು ಅವರಿಗಷ್ಟೇ ಅಂಟಿದ್ದಲ್ಲ. 2010ರಲ್ಲಿ ಬಂದ ‘ಫಾಲೌಟ್: ನ್ಯೂ ವೇಗಸ್’ ಮೆಟಾಕ್ರಿಟಿಕ್‌ನಲ್ಲಿ 85 ಮುಟ್ಟಿದರೆ ತಯಾರಕರಾದ ಅಬ್ಸಿಡಿಯನ್‌ಗೆ ಬೋನಸ್ ಎಂದು ಒಪ್ಪಂದವಾಗಿತ್ತು ಎಂದು ಅದರಲ್ಲಿ ಕೆಲಸ ಮಾಡಿದ ಕ್ರಿಸ್ ಅವೆಲ್ಲೋನ್ 2012ರಲ್ಲಿ ಬಾಯಿಬಿಟ್ಟರು. ಗೇಮ್‌ಗೆ ಬಂದದ್ದು 84.