ಗಾಡಿ ಕುಡಿಯುವ ಗಾಳಿಗೂ ತೂಕವುಂಟು



ಕಳೆದ ಏಪ್ರಿಲ್‌ನಲ್ಲಿ ಗೆಳೆಯನ ಮಗಳ ಮದುವೆಗೆಂದು ಚಿಕ್ಕೋಡಿ ಸೀಮೆಯ ಸದಲಗಾಕ್ಕೆ ಹೋಗಿದ್ದೆ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಒಂದೇ ಕೋಣೆಯಲ್ಲಿದ್ದವರು ನಾವು. ಅವನದು ದೂಧಗಂಗಾ ದಂಡೆಯಲ್ಲಿ ಕಬ್ಬಿನ ಬೇಸಾಯ. ತೋಟದ ಹಳೆಯ ಡೀಸೆಲ್ ಜೀಪಿನಲ್ಲಿ ನಾಲ್ಕು ಜನ, ಎರಡು ಮೂಟೆ ತೆಂಗಿನಕಾಯಿ. ಇಷ್ಟೇ ಭಾರ. ಆದರೂ ಬಯಲು ಸೀಮೆ ಸೇರುತ್ತಲೇ ಗಾಡಿ ಎಳೆಯದಾಯಿತು.

ದಾರಿಯಲ್ಲಿ ಒಬ್ಬ ಮೆಕ್ಯಾನಿಕ್, "ಪಂಪಿನಲ್ಲಿ ಡೀಸೆಲ್ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ" ಎಂದ. ನಾನೂ ಒಪ್ಪಿದೆ. ಎಳೆತ ಹೆಚ್ಚಲಿಲ್ಲ, ಹಿಂದೆ ಕರೀ ಹೊಗೆ ಮಾತ್ರ ಹೆಚ್ಚಿತು. ಅಂಗಳಕ್ಕೆ ಬಂದಿಳಿದಾಗ ಗೆಳೆಯ ನಕ್ಕ: "ಏನಪಾ, ಘಟ್ಟ ಹತ್ತು ಗಾಡಿ ನಿಂದು, ನಮ್ಮ ಬಯಲಾಗ ಯಾಕ ತೇಕತೈತಿ?"

"ಬಿಸಿಲು" ಎಂದೆ. "ಎಷ್ಟು ಬಿಸಿಲಿಗೆ ಎಷ್ಟು ಶಕ್ತಿ ಹೋಗತೈತಿ, ಲೆಕ್ಕಾ ಮಾಡು" ಎಂದು ಲಗ್ನಪತ್ರಿಕೆಯ ಹಿಂಬದಿಯನ್ನೇ ಮುಂದಿಟ್ಟ.

ವಿಷಯ ಇಷ್ಟು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ ಗಾಳಿ ಬೇಕು. ಅಂದರೆ ಹತ್ತು ಸಾವಿರ ಲೀಟರಿಗೂ ಮೇಲೆ. ನಾವು ಟ್ಯಾಂಕಿಗೆ ಹಾಕುವುದು ಎಣ್ಣೆಯನ್ನಷ್ಟೇ ಆದ್ದರಿಂದ ಗಾಳಿಯ ಖರ್ಚು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಂಜಿನ್ನು ಗಾಳಿಯನ್ನು ಕೊಳಗದಲ್ಲಿ ಅಳೆದುಕೊಳ್ಳುತ್ತದೆ, ಉರಿಯುವುದು ಮಾತ್ರ ತೂಕದ ಲೆಕ್ಕದಲ್ಲಿ. ಜೊಳ್ಳು ಕಾಫಿ ಕೊಳಗ ತುಂಬಿದರೂ ತಕ್ಕಡಿಯಲ್ಲಿ ತೂಗದಿರುವುದು ನಿಮಗೆ ಗೊತ್ತಿದ್ದದ್ದೇ. ಬಿಸಿಗಾಳಿಯೂ ಅಂಥ ಜೊಳ್ಳು. ಸ್ಥೂಲವಾಗಿ, ಶಾಖ 3 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯ ಸಾಂದ್ರತೆ ಶೇಕಡ 1ರಷ್ಟು ಇಳಿಯುತ್ತದೆ. 100 ಮೀಟರ್ ಎತ್ತರ ಏರಿದರೂ ಹೆಚ್ಚುಕಡಿಮೆ ಅಷ್ಟೇ.

ಸದಲಗಾ ಸಮುದ್ರಮಟ್ಟದಿಂದ 500 ಚಿಲ್ಲರೆ ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು 1,000 ಮೀಟರಿಗೂ ಮೇಲೆ. ಸದಲಗಾದಲ್ಲಿ 40 ಡಿಗ್ರಿಯ ಮಧ್ಯಾಹ್ನ ಒಂದು ಘನ ಮೀಟರ್ ಗಾಳಿ ಸುಮಾರು 1.06 ಕಿಲೋ ತೂಗುತ್ತದೆ. ಚಿಕ್ಕಮಗಳೂರಿನಲ್ಲಿ 20 ಡಿಗ್ರಿಯ ಬೆಳಗಿನಲ್ಲೂ ಅಷ್ಟೇ, 1.06! ಅಲ್ಲಿ ಎತ್ತರ ಕಳೆದದ್ದನ್ನು ಇಲ್ಲಿ ಬಿಸಿಲು ಕಳೆದಿತ್ತು. ಹಾಗಿದ್ದ ಮೇಲೆ ನಮ್ಮೂರಿನಲ್ಲಿ ಎಳೆಯುವ ಜೀಪು ಇಲ್ಲಿಯೂ ಎಳೆಯಬೇಕಲ್ಲವೇ? ತಪ್ಪು ಬಿಸಿಲಿನದಲ್ಲ ಎಂದಾಯಿತು.

ಲಾಟೀನು ಹಿಡಿದು ಬಾನೆಟ್ ಎತ್ತಿದೆವು. ಮುಂಭಾಗದಿಂದ ಏರ್ ಫಿಲ್ಟರಿಗೆ ಹೊರಗಿನ ಗಾಳಿ ತರುವ ರಬ್ಬರ್ ಪೈಪು ಕ್ಲಿಪ್ಪು ಕಳಚಿ ಕೆಳಗೆ ಬಿದ್ದು, ಹೊಗೆ ಕೊಳವೆಯ ಮಗ್ಗುಲಲ್ಲಿ ಕರಟಿಹೋಗಿತ್ತು. ಪಾಪದ ಇಂಜಿನ್ನು ತನ್ನ ಒಲೆಯ ಬಿಸಿಯನ್ನೇ ತಾನು ಕುಡಿಯುತ್ತಿತ್ತು. ಅಲ್ಲಿಯ ಗಾಳಿ 80 ಡಿಗ್ರಿ ಮುಟ್ಟಿದರೆ ಘನ ಮೀಟರಿಗೆ 0.94 ಕಿಲೋ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ, 20 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ಇದೇ ತೂಕ. ಬಯಲಿನಲ್ಲಿ ಓಡುತ್ತಿದ್ದರೂ ಜೀಪಿನ ಪಾಲಿಗೆ ಗಿರಿಯ ನೆತ್ತಿ! ಅದರ ಮೇಲೆ ಹೆಚ್ಚಿನ ಡೀಸೆಲ್ ಸುರಿದರೆ ಉರಿಯಲು ಗಾಳಿ ಎಲ್ಲಿದೆ? ಅದೇ ಕರೀ ಹೊಗೆಯಾಗಿ ಹೋಗುತ್ತಿತ್ತು. ಹೀಗೇ ಓಡಿಸಿದ್ದರೆ ಪಿಸ್ಟನ್ ಕಾದು ಕೆಡುತ್ತಿತ್ತು. ನಮ್ಮ ಪುಣ್ಯ, ಪೈಪು ಕಳಚಿದ್ದು ಫಿಲ್ಟರಿನ ಮುಂಚೆ. ಫಿಲ್ಟರ್ ದಾಟಿದ ಮೇಲಿನ ಪೈಪು ಹರಿದಿದ್ದರೆ ದಾರಿಯ ಧೂಳೆಲ್ಲ ಸಿಲಿಂಡರಿಗೆ.

ಮರುದಿನ ಹೊಸ ಪೈಪು ಹಾಕಿಸಿ, ಪಂಪನ್ನು ಮೊದಲಿನ ಗುರುತಿಗೆ ಇಳಿಸಿದೆವು. ಮದುವೆ ಮುಗಿಸಿ ಐದು ಗಂಟೆಯ ತಂಪಿನಲ್ಲಿ ನಿಪ್ಪಾಣಿ ದಾರಿ ಹಿಡಿದಾಗ ಜೀಪು ತವಂದಿ ಘಾಟಿಯನ್ನು ಏದುಸಿರಿಲ್ಲದೆ ಏರಿತು. ಬೆಳಗಿನ ತಂಪಿನ ಪಾಲೂ ಅದರಲ್ಲಿ ಇತ್ತೆನ್ನಬೇಕು.

ಹೊಸ ಪೆಟ್ರೋಲ್ ಕಾರುಳ್ಳವರು ನಗಬೇಕಾಗಿಲ್ಲ. ಅವುಗಳಲ್ಲಿ ಗಾಳಿಯ ಶಾಖ ಅಳೆಯುವ ಸೆನ್ಸರ್ ಇದ್ದು, ಅದಕ್ಕೆ ತಕ್ಕಂತೆ ಪೆಟ್ರೋಲನ್ನು ಕಡಿಮೆ ಮಾಡುತ್ತದೆ. ಇಲ್ಲದ ಗಾಳಿಯನ್ನು ಅದೂ ತರಲಾರದು. ಟರ್ಬೊ ಗಾಡಿಗಳು ಗಾಳಿಯನ್ನು ಒತ್ತಿ ತುಂಬುತ್ತವೆ, ಒತ್ತಿದಾಗ ಗಾಳಿ ಕಾಯುತ್ತದೆ. ಅದನ್ನು ಆರಿಸಲೆಂದೇ ಮುಂದುಗಡೆ ಇಂಟರ್‌ಕೂಲರ್ ಇರುವುದು. ತೋಟದ ಕೆಸರು, ತರಗೆಲೆ ಅದಕ್ಕೆ ಮೆತ್ತಿಕೊಂಡಿದ್ದರೆ ಟರ್ಬೊಗೆ ಕೊಟ್ಟ ದುಡ್ಡಿನ ಫಲ ಅರ್ಧಂಬರ್ಧವೇ.

ನಮ್ಮಲ್ಲಿ ನಿಜವಾಗಿ ಗಮನಿಸಬೇಕಾದದ್ದು ಡೀಸೆಲ್ ಪಂಪ್‌ಸೆಟ್ಟುಗಳನ್ನು. ಕಳ್ಳರ ಭಯಕ್ಕೆ ಬಾಗಿಲು ಜಡಿದು ಓಡಿಸುವವರಿದ್ದಾರೆ. ಹೊಗೆ ಕೊಳವೆಯೂ ಒಳಗೇ. ಎದುರುಬದುರು ಎರಡು ಜಾಲರಿ ಕಿಂಡಿ ತೆಗೆಸಿ, ಹೊಗೆ ಕೊಳವೆಯನ್ನು ಗೋಡೆಯಾಚೆ ಹಾಯಿಸಿದರೆ ಸಾಕು. ಹೊಗೆ ತುಂಬಿದ ಕೋಣೆಗೆ ಕಾಲಿಡುವ ಆಳಿನ ಜೀವಕ್ಕೂ ಅದು ಅಗತ್ಯ.

ಊರು ತಲುಪಿದ ರಾತ್ರಿ ಗೆಳೆಯನ ಫೋನು ಬಂತು. ತನ್ನ ಟ್ರ್ಯಾಕ್ಟರಿನ ಗಾಳಿ ಕೊಳವೆಯನ್ನೂ ಬಿಚ್ಚಿ ನೋಡಿದನಂತೆ: ಜಾಲರಿಯ ತುಂಬ ಕಬ್ಬಿನ ರವದಿ.