ಆಪಿನೊಳಗೆ ಅಡಗುವ ಗುಪ್ಪಿ: ನೋಡುವುದು ಹೇಗೆ, ಫೋಟೋ ಹಿಡಿಯುವುದು ಹೇಗೆ?

ನಾನು ಮಳೆ ನಂಬಿದ ರೈತ. ಶಿರಾ ತಾಲೂಕಿನಲ್ಲಿ ನಾಲ್ಕೂವರೆ ಎಕರೆ ಕೆಂಪು ಮಣ್ಣಿನ ಹೊಲ. ಕಡಲೆಕಾಯಿ, ರಾಗಿ, ನಡುವೆ ತೊಗರಿ ಸಾಲು. ಓದಿದ್ದು ಏಳನೇ ಕ್ಲಾಸು. ಇವನಿಗ್ಯಾಕೆ ಹಕ್ಕಿ ಉಸಾಬರಿ ಅಂತ ನೀವು ಕೇಳಬಹುದು. ನಮ್ಮ ಹೊಲದ ಕೆಳಬದು ಕೆರೆ ಅಂಗಳಕ್ಕೇ ಸೇರುತ್ತದೆ. ಕೆರೆಗೆ ನೀರು ಬರುವ ಹಳ್ಳದ ಬಾಯಲ್ಲಿ ಆಪು, ಜೊಂಡು ಆಳೆತ್ತರ ಬೆಳೆದಿದೆ. ಕಾವಲಿಗೆ ಕೂತವನಿಗೆ ನೋಡಲು ಬೇರೇನಿದೆ?

ನಮ್ಮ ತಾಲೂಕಿನ ಕಗ್ಗಲಡುವಿಗೆ ಹೋದರೆ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟಿರುತ್ತವೆ. ಬಸ್ಸಿಳಿದವರಿಗೂ ಕಾಣುತ್ತವೆ. ಗುಪ್ಪಿ ಹಾಗಲ್ಲ. ಅದೂ ಬಕದ ಜಾತಿಯೇ, ಆದರೆ ಹತ್ತು ವರ್ಷ ಕೆರೆ ಪಕ್ಕ ಉತ್ತವನಿಗೂ ಕಾಣದೆ ಬದುಕುತ್ತದೆ. ಗುಪ್ಪಿ ಎನ್ನುವ ಹೆಸರು ನನಗೆ ತಿಳಿದದ್ದು ಪುಸ್ತಕ ನೋಡಿದ ಮೇಲೆ. ನಮ್ಮ ಕಡೆ ಕೊಕ್ಕು ಉದ್ದ ಇರುವುದೆಲ್ಲಾ ಕೊಕ್ಕರೆಯೇ.

ಮೊದಲು ಕಂಡದ್ದು 2021ರ ಕೊನೆಯ ಮಳೆಯಲ್ಲಿ. ಆಪಿನ ನಡುವೆ ಒಂದು ಒಣ ಮೋಟು ನಿಂತಿತ್ತು. ಗಾಳಿಗೆ ಆಪು ತೂಗಿದಾಗ ಅದೂ ತೂಗಿತು. ಆದರೆ ಆ ಮೋಟಿಗೆ ಎರಡು ಹಳದಿ ಕಣ್ಣು! ಹೆದರಿದ ಗುಪ್ಪಿ ಹಾರುವುದಿಲ್ಲ. ಮೈ ತೆಳ್ಳಗೆ ಮಾಡಿ, ಕತ್ತು ಉದ್ದ ಎಳೆದು, ಕೊಕ್ಕನ್ನು ಆಕಾಶಕ್ಕೆ ಎತ್ತಿ ನಿಂತುಬಿಡುತ್ತದೆ. ಕತ್ತಿನ ಕೆಳಗಿನ ಉದ್ದ ಗೀರುಗಳು ಆಪಿನ ಗರಿಗಳ ಹಾಗೇ ಕಾಣುತ್ತವೆ. ಕೊಕ್ಕು ಮೇಲಿದ್ದರೂ ಕಣ್ಣು ಕೆಳಗಡೆಗೆ ಕೂತಿರುವುದರಿಂದ, ಎದುರಿಗಿರುವ ನಮ್ಮನ್ನು ಅದು ಕೊಕ್ಕಿನ ಅಡಿಯಿಂದಲೇ ನೋಡುತ್ತಿರುತ್ತದೆ. ನಾವು ಅದನ್ನು ಹುಡುಕುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಅದು ನಮ್ಮನ್ನು ಯಾವಾಗಲೋ ನೋಡಿ ಆಗಿರುತ್ತದೆ.

ಯಾವುದು ಯಾವುದು?

ನಮ್ಮ ಕೆರೆಯಲ್ಲಿ ನಾನು ಕಂಡದ್ದು ಮೂರು. ಹಳದಿ ಗುಪ್ಪಿ ಮತ್ತು ಕೆಂಪು ಗುಪ್ಪಿ ಎರಡೂ ಒಂದು ಗೇಣೂವರೆಯಷ್ಟು, ನಮ್ಮ ಕೊಳದ ಬಕಕ್ಕಿಂತ ಸಣ್ಣವು. ಕೂತಾಗ ಗುರುತು ಹಿಡಿಯುವುದು ಕಷ್ಟ, ಹಾರಿದಾಗ ಸುಲಭ. ಹಳದಿ ಗುಪ್ಪಿ ರೆಕ್ಕೆ ಬಿಚ್ಚಿದರೆ ಹಿಂದಿನ ಗರಿಗಳು ಕಪ್ಪು, ಮುಂಭಾಗ ತಿಳಿ ಹಳದಿ. ಕೆಂಪು ಗುಪ್ಪಿಯ ರೆಕ್ಕೆ ಪೂರಾ ಹಂಚಿನ ಬಣ್ಣ, ಕಪ್ಪು ಇಲ್ಲವೇ ಇಲ್ಲ. ಮೂರನೆಯದು ಕಪ್ಪು ಗುಪ್ಪಿ. ದೊಡ್ಡದು, ಕತ್ತಿನ ಪಕ್ಕದಲ್ಲಿ ಹಳದಿ ಪಟ್ಟೆ. ಅದನ್ನು ನೋಡಿದ್ದು ಒಂದೇ ಸಾರಿ.

ಮೋಸ ಹೋಗುವುದು ಎರಡು ಕಡೆ. ಕೊಳದ ಬಕ ಕೂತಾಗ ಕಂದು, ಗೀರುಗೀರು. ಹಾರಿದರೆ ಹಾಲಿನಂತೆ ಬಿಳಿ ರೆಕ್ಕೆ. ಬಿಳಿ ಕಂಡರೆ ಅದು ಗುಪ್ಪಿಯಲ್ಲ, ಅಷ್ಟೇ. ಇನ್ನೊಂದು ಇರುಳು ಬಕದ ಮರಿ. ಕಂದು ಮೈ ಮೇಲೆ ಬಿಳಿ ಚುಕ್ಕೆ ಇರುತ್ತದೆ, ದಪ್ಪ ಇರುತ್ತದೆ, ಹೆಚ್ಚಾಗಿ ಮರದ ಮೇಲೆ ಕೂರುತ್ತದೆ. ನಾನು ಅದರ ಫೋಟೋ ತೆಗೆದು ಗುಪ್ಪಿ ಸಿಕ್ತು ಅಂತ ಊರಿಗೆಲ್ಲ ತೋರಿಸಿದ್ದೆ. ಹಕ್ಕಿ ಬಲ್ಲ ಮೇಷ್ಟ್ರೊಬ್ಬರು ನಕ್ಕರು.

ಹುಡುಕುವ ಹೊತ್ತು

ಬೆಳಿಗ್ಗೆ ಸೂರ್ಯ ಹುಟ್ಟಿ ಒಂದು ತಾಸಿನೊಳಗೆ, ಸಂಜೆ ದನ ಮನೆಗೆ ಹೋದ ಮೇಲೆ. ಮೋಡ ಕವಿದ ದಿನ ನಡುಮಧ್ಯಾಹ್ನವೂ ಸಿಗಬಹುದು. ಮಳೆಗಾಲವೇ ಒಳ್ಳೆಯ ಕಾಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಇವು ಮರಿ ಮಾಡುತ್ತವೆ. ಆಗ ಗಂಡು ಕೂಗುತ್ತದೆ. ಕೆಂಪು ಗುಪ್ಪಿಯ ಕೂಗು ಕೊಕ್-ಕೊಕ್-ಕೊಕ್ ಅಂತ ಒಂದೇ ಸಮ, ದೂರದಲ್ಲಿ ಯಾರೋ ಮರ ಕುಟ್ಟಿದ ಹಾಗೆ. ಕಪ್ಪೆ ವಟಗುಟ್ಟುವುದರ ನಡುವೆ ಅದನ್ನು ಬೇರೆ ಮಾಡಲು ನನಗೆ ಒಂದು ಮಳೆಗಾಲ ಹಿಡಿಯಿತು. ಮೊದಲು ಕಿವಿಯಿಂದ ಹುಡುಕಿ, ಆಮೇಲೆ ಕಣ್ಣಿನಿಂದ.

ಆಪಿನ ಒಳಗೆ ನುಗ್ಗಬೇಡಿ. ಆಪು ಮುಗಿದು ನೀರು ಶುರುವಾಗುವ ಅಂಚನ್ನು ನೋಡುತ್ತಾ ಕೂರಿ. ಮೀನು ಮರಿ, ಕಪ್ಪೆ, ನೀರಿನ ಹುಳ ಹಿಡಿಯಲು ಅದು ಅಂಚಿಗೆ ಬಂದೇ ಬರುತ್ತದೆ. ಎರಡು ದಂಟನ್ನು ಎರಡು ಕಾಲಲ್ಲಿ ಹಿಡಿದು ನೀರಿನ ಮೇಲೆ ಬಾಗಿ ನಿಲ್ಲುತ್ತದೆ. ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ ಸ್ವಲ್ಪ ದೂರ ಹೋಗಿ ಮತ್ತೆ ಆಪಿಗೆ ಬೀಳುತ್ತದೆ. ಬಿದ್ದ ಜಾಗಕ್ಕೆ ಓಡಿದರೆ ಸಿಗುವುದಿಲ್ಲ. ಒಳಗೊಳಗೇ ನಡೆದು ಬೇರೆ ಕಡೆ ಹೋಗಿರುತ್ತದೆ. ಕೂತಲ್ಲೇ ಅರ್ಧ ಗಂಟೆ ಕಾಯಿರಿ.

ಕ್ಯಾಮರಾ ವಿಷಯ

ನನ್ನದು ಮಗಳು ಕೊಡಿಸಿದ ಹಳೇ ಕ್ಯಾಮರಾ. ಲೆನ್ಸ್ ಬಿಚ್ಚಲು ಬರುವುದಿಲ್ಲ, ದೂರದ್ದನ್ನು ಹತ್ತಿರ ಎಳೆಯುತ್ತದೆ. ಅಷ್ಟು ಸಾಕು. ಆಟೋ ಫೋಕಸ್‌ಗೆ ಪೂರ್ತಿ ಬಿಟ್ಟರೆ ಮುಂದಿನ ಆಪಿನ ಗರಿ ಸ್ಪಷ್ಟ, ಹಿಂದಿನ ಹಕ್ಕಿ ಮಸುಕು. ನನ್ನ ಮೊದಲ ಇನ್ನೂರು ಫೋಟೋ ಆಪಿನದೇ. ಫೋಕಸ್ ಚೌಕವನ್ನು ಅತಿ ಸಣ್ಣದು ಮಾಡಿ ಹಕ್ಕಿಯ ಕಣ್ಣಿನ ಮೇಲಿಡಿ. ಆಗದಿದ್ದರೆ ಕೈಯಲ್ಲೇ ಫೋಕಸ್ ಮಾಡಿ, ಹಕ್ಕಿ ಹೇಗೂ ಅಲ್ಲಾಡುವುದಿಲ್ಲ.

ಬೆಳಗಿನ ಬೆಳಕು ಕಡಿಮೆ, ಕೈ ನಡುಗಿದರೆ ಚಿತ್ರ ಹಾಳು. ಮೂರು ಕಾಲಿನ ಸ್ಟ್ಯಾಂಡು ನನ್ನಲ್ಲಿಲ್ಲ. ಎರಡು ಕಿಲೋ ಹುರುಳಿಯನ್ನು ಬಟ್ಟೆ ಚೀಲದಲ್ಲಿ ಸಡಿಲವಾಗಿ ತುಂಬಿ ಬದುವಿನ ಕಲ್ಲಿನ ಮೇಲಿಟ್ಟು, ಅದರ ಮೇಲೆ ಕ್ಯಾಮರಾ ಒತ್ತಿ ಕೂರಿಸುತ್ತೇನೆ. ಕಂಬಳಿ ಕೊಪ್ಪೆ ಹಾಕಿಕೊಂಡು ನೆಲಕ್ಕೆ ಕೂತರೆ ಕುರಿ ಕಾಯುವವನ ಹಾಗೇ ಕಾಣುತ್ತೇವೆ. ಹಕ್ಕಿಗೆ ಆ ಆಕಾರ ಗೊತ್ತು. ಎದ್ದು ನಿಂತ ಮನುಷ್ಯ ಕಂಡರೆ ಮಾತ್ರ ಹೆದರುತ್ತದೆ. ಬೆನ್ನಿಗೆ ಸೂರ್ಯ ಇರಲಿ. ಫ್ಲ್ಯಾಷ್ ಬೇಡ. ಮೊಬೈಲಿನಲ್ಲಿ ಅದರದೇ ಕೂಗು ಹಾಕಿ ಕರೆಯುವವರಿದ್ದಾರೆ, ಅದೂ ಬೇಡ. ಇನ್ನೊಂದು ಗಂಡು ಬಂತೆಂದು ತಿಳಿದು ಗೂಡು ಬಿಟ್ಟು ಅಲೆಯುತ್ತದೆ.

ನಾನು ಮಾಡಿದ ತಪ್ಪು

2022ರಲ್ಲಿ ಮಳೆ ಸುರಿದು ಕೆರೆ ಕೋಡಿ ಬಿತ್ತು. ಆಗಸ್ಟ್‌ನಲ್ಲಿ ಹಳದಿ ಗುಪ್ಪಿಯ ಗೂಡು ಸಿಕ್ಕಿತು. ಆಪನ್ನು ಬಗ್ಗಿಸಿ ಮಾಡಿದ ತಟ್ಟೆಯಂಥ ಗೂಡು, ನೀರಿನಿಂದ ಮೊಣಕಾಲೆತ್ತರ. ಮಾಸಲು ಬಿಳಿಯ ಐದು ಮೊಟ್ಟೆ. ಮುಂದೆ ನಾಲ್ಕು ಗರಿ ಅಡ್ಡ ಬರುತ್ತಿತ್ತು. ಕುಡುಗೋಲು ಸೊಂಟದಲ್ಲೇ ಇತ್ತು. ಒಂದು ಹಿಡಿ ಆಪು ಕೊಯ್ದೆ. ಫೋಟೋ ಚೆನ್ನಾಗಿ ಬಂತು. ತಾಯಿ ಕೂತಿದ್ದು, ಕೊಕ್ಕು ಮೇಲೆತ್ತಿದ್ದು, ಎಲ್ಲಾ.

ಮಾರನೇ ದಿನ ಹೋದರೆ ಗೂಡಿನ ಮೇಲೆ ಕಾಗೆ. ಎರಡು ಚಿಪ್ಪು ನೀರಿನಲ್ಲಿ ತೇಲುತ್ತಿತ್ತು, ಮೊಟ್ಟೆ ಒಂದೂ ಇಲ್ಲ. ನನಗೆ ಅಡ್ಡ ಬಂದ ಆ ನಾಲ್ಕು ಗರಿಯೇ ಅದಕ್ಕೆ ಬಾಗಿಲಾಗಿತ್ತು. ಆ ಫೋಟೋ ಇವತ್ತಿಗೂ ನನ್ನಲ್ಲಿದೆ, ಯಾರಿಗೂ ತೋರಿಸಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಗೂಡು, ಮೊಟ್ಟೆ ಹಾಳು ಮಾಡುವುದೂ ಅಪರಾಧವೇ ಅಂತ ಆಮೇಲೆ ತಿಳಿಯಿತು. ಗೂಡು ಕಂಡರೆ ಫೋಟೋ ಬೇಡ. ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ, ಗೂಡಿನ ಜಾಗ ಯಾರಿಗೂ ಹೇಳಬೇಡಿ.

ಹೂಳು ಮತ್ತು ಆಪು

2023 ಬರ. ಕೆರೆ ಒಣಗಿತು. ಮುಂದಿನ ಬೇಸಿಗೆಯಲ್ಲಿ ಹೂಳೆತ್ತಲು ಯಂತ್ರ ಬಂತು. ಹೂಳು ನನಗೂ ಬೇಕಿತ್ತು, ಹದಿನೆಂಟು ಟ್ರ್ಯಾಕ್ಟರ್ ಲೋಡು ಹೊಲಕ್ಕೆ ಹೊಡೆಸಿದೆ. ಆದರೆ ಆಪನ್ನು ಬೇರುಸಹಿತ ಕಿತ್ತು ಸುಡುವ ಮಾತು ಬಂದಾಗ ಬಾಯಿ ಬಿಡಬೇಕಾಯಿತು. ಊರಿನವರ ಮಾತೂ ಸುಳ್ಳಲ್ಲ. ಜೊಂಡು ಬಿಟ್ಟರೆ ಕೆರೆಯನ್ನೇ ನುಂಗುತ್ತದೆ, ಹಾವು ಸೇರುತ್ತದೆ, ಕಾಲುವೆ ಕಟ್ಟುತ್ತದೆ. ಇವರಿಗೆ ಹಕ್ಕಿ ಹೇಳಿದರೆ ಕೇಳುವುದಿಲ್ಲ ಅಂತ ನಾನು ಹಳ್ಳದ ಕಥೆ ಹೇಳಿದೆ: ಹಳ್ಳದ ಬಾಯಲ್ಲಿ ಆಪಿದ್ದರೆ ಬರುವ ಮಣ್ಣು ಅಲ್ಲೇ ನಿಲ್ಲುತ್ತದೆ, ಹೊಸ ಹೂಳು ತಡವಾಗಿ ತುಂಬುತ್ತದೆ. ಮೂವತ್ತು ಹೆಜ್ಜೆ ಅಗಲದ ಒಂದು ಪಟ್ಟಿ ಉಳಿಸಿದರು. ಅರ್ಧ ಒಂದು ವರ್ಷ, ಅರ್ಧ ಮರುವರ್ಷ ಕೊಯ್ಯೋಣ, ಅದೂ ಮರಿ ಹಾರಿದ ಮೇಲೆ ಅಂತ ಕೇಳಿದೆ. ಅದಕ್ಕೆ ಯಾರೂ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಆ ಪಟ್ಟಿಯಲ್ಲಿ ಆಪು ಈಗ ಮತ್ತೆ ಎದೆಮಟ್ಟ ಬಂದಿದೆ. ಹಳದಿ ಗುಪ್ಪಿ ಹಾರಿದ್ದನ್ನು ಎರಡು ಸಾರಿ ನೋಡಿದೆ, ಕೆಂಪು ಗುಪ್ಪಿಯ ಕೂಗು ಇನ್ನೂ ಕೇಳಿಲ್ಲ. ಉಳಿದ ಪಟ್ಟಿಯನ್ನೂ ಕೀಳೋಣ ಎನ್ನುವ ಮಾತು ಊರಿನ ಸಭೆಯಲ್ಲಿ ಮತ್ತೆ ಎದ್ದಿದೆ. ಸೆಪ್ಟೆಂಬರ್ ಕಳೆಯುವ ತನಕ ತಡೀರಿ ಅಂತ ಹೇಳಿ ಬಂದಿದ್ದೇನೆ.