ಬಾಗಿಲು-ಕಿಟಕಿಗಳ ನಡುವೆ ಉಳಿದ ಗೋಡೆ

ಆದೋನಿ ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು. ಇಂಥ ಪೇಟೆಯಲ್ಲಿ ರಸ್ತೆಬದಿಯ ಗೋಡೆ ಒಡೆದು ಶಟರ್ ಕೂರಿಸಿದರೆ ಬಾಡಿಗೆ ಬರುತ್ತದೆ. ಆದರೆ ಕಟ್ಟಡ ಕಳೆದುಕೊಳ್ಳುವುದೇನು?

ಗೋಡೆ ಮೇಲಿನ ಭಾರ ಹೊರುತ್ತದೆಂದು ಎಲ್ಲರಿಗೂ ಗೊತ್ತು. ಗಾಳಿಯೋ ಭೂಕಂಪವೋ ಕಟ್ಟಡವನ್ನು ಅಡ್ಡಕ್ಕೆ ತಳ್ಳಿದಾಗ, ಆ ಬಲವನ್ನು ತನ್ನ ಉದ್ದಕ್ಕೂ ತಡೆದು ಅಡಿಪಾಯಕ್ಕೆ ಮುಟ್ಟಿಸುವುದೂ ಗೋಡೆಯೇ. ಇದಕ್ಕೆಂದೇ ಲೆಕ್ಕ ಹಾಕಿ, ಕಂಬಿ ಕಟ್ಟಿ, ಬುಡದಿಂದ ಎಬ್ಬಿಸುವ ಕಾಂಕ್ರೀಟ್ ಗೋಡೆ ಶಿಯರ್ ವಾಲ್. ಭಾರತೀಯ ಸಂಹಿತೆ ಐಎಸ್ 13920ರ ಪ್ರಕಾರ ಅದರ ದಪ್ಪ ಕನಿಷ್ಠ 150 ಮಿ.ಮೀ., ಉದ್ದ ದಪ್ಪದ ನಾಲ್ಕು ಪಟ್ಟಾದರೂ ಇರಬೇಕು.

ಅಂಥ ಗೋಡೆಯಲ್ಲಿ ಬಾಗಿಲು, ಕಿಟಕಿ ಇಟ್ಟಾಗ ನಡುವೆ ಉಳಿಯುವ ಕಿರಿದಾದ ತುಂಡು ವಾಲ್ ಪಿಯರ್. ಅಮೆರಿಕದ ಎಸಿಐ 318 ಸಂಹಿತೆ ಇದಕ್ಕೆ ಅಳತೆ ಕೊಡುತ್ತದೆ: ಉದ್ದ ದಪ್ಪದ ಆರು ಪಟ್ಟನ್ನು ಮೀರಬಾರದು, ಎತ್ತರ ಆ ಉದ್ದದ ಎರಡು ಪಟ್ಟಿಗಿಂತ ಕಡಿಮೆ ಇರಬಾರದು. 200 ಮಿ.ಮೀ. ದಪ್ಪದ ಗೋಡೆಯಲ್ಲಿ ಒಂದು ಮೀಟರ್ ಉದ್ದ, 2.1 ಮೀಟರ್ ಎತ್ತರದ ತುಂಡು ಉಳಿದರೆ ಅದು ಪಿಯರ್.

ಹೆಸರು ಬದಲಾದರೆ ನಡವಳಿಕೆಯೂ ಬದಲಾಗುತ್ತದೆ. ಬಾಗುವಿಕೆಯನ್ನು ತಡೆಯುವ ಬಿಗಿತ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ಎತ್ತರದ ಗೋಡೆಯ ಉದ್ದ ಅರ್ಧವಾದರೆ ಬಿಗಿತ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಪಿಯರ್ ಕಂಬದಂತೆ ಬಾಗುತ್ತದೆ. ಆದ್ದರಿಂದ ಅದರ ಕಂಬಿಗಳನ್ನು ಕಂಬಕ್ಕೆ ಸುತ್ತುವಂತೆ ಹತ್ತಿರ ಹತ್ತಿರದ ಉಂಗುರಗಳಿಂದ ಬಿಗಿಯಬೇಕು. ಭೂಕಂಪದ ನಂತರ ಕಿಟಕಿಗಳ ನಡುವೆ ಕಾಣುವ ಗುಣಾಕಾರ ಚಿಹ್ನೆಯಂಥ ಬಿರುಕುಗಳು ಇಂಥ ತುಂಡುಗಳು ಅತ್ತಿತ್ತ ಎಳೆದಾಡಲ್ಪಟ್ಟ ಗುರುತು.

ಆದೋನಿ ಇರುವ ಕರ್ನೂಲು ಸೀಮೆಯನ್ನು ಭೂಕಂಪ ಸಂಹಿತೆ ಐಎಸ್ 1893ರ 2016ರ ನಕ್ಷೆ ಎರಡನೇ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ವಲಯದಲ್ಲಿ ಇಟ್ಟಿದೆ. ಇದನ್ನು ಕೇಳಿ ನಿಶ್ಚಿಂತರಾಗುವಂತಿಲ್ಲ. 1993ರ ಸೆಪ್ಟೆಂಬರ್ 30ರಂದು ನಡುಗಿದ ಮಹಾರಾಷ್ಟ್ರದ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಕನಿಷ್ಠ ಅಪಾಯದ ಜಾಗ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆಗಳು ಒಳಪದರ, ಹೊರಪದರವಾಗಿ ಬಿಚ್ಚಿಕೊಂಡು ಕುಸಿದವು. ಸಾವಿರಾರು ಜನ ಸತ್ತರು. ಕಲ್ಲು-ಮಣ್ಣಿನ ಮಾಳಿಗೆ ಮನೆಗಳು ಆದೋನಿ, ಪಕ್ಕದ ಆಲೂರಿನ ಹಳ್ಳಿಗಳಿಗೂ ಅಪರಿಚಿತವಲ್ಲ.

ಇಟ್ಟಿಗೆ, ಕಲ್ಲಿನ ಮನೆಗಳಲ್ಲಿ ಶಿಯರ್ ವಾಲ್ ಎಂದು ಬೇರೆ ಇರುವುದಿಲ್ಲ, ಭಾರ ಹೊರುವ ಗೋಡೆಯೇ ಆ ಕೆಲಸವನ್ನೂ ಮಾಡಬೇಕು. ಹಾಗಾಗಿ ಐಎಸ್ 4326 ಸಂಹಿತೆ ಬಾಗಿಲು-ಕಿಟಕಿಯಂಥ ತೆರಪುಗಳ ಒಟ್ಟು ಉದ್ದಕ್ಕೂ ಅವುಗಳ ನಡುವಿನ ತುಂಡಿನ ಅಗಲಕ್ಕೂ ಮಿತಿ ಹಾಕಿದೆ. ಮಹಡಿ ಹೆಚ್ಚಿದಂತೆ ತೆರಪಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ಮೇಲೊಂದು ಅಂತಸ್ತು ಹಾಕಿ ಕೆಳಗೆ ಅಂಗಡಿಗಾಗಿ ಗೋಡೆ ಒಡೆಯುವವರು ಎರಡೂ ಕಡೆಯಿಂದ ಈ ಮಿತಿಯನ್ನು ಮೀರುತ್ತಾರೆ. ಶಟರ್ ಬೇಕೇ ಬೇಕಾದರೆ, ಮೇಸ್ತ್ರಿ ಸುತ್ತಿಗೆ ಎತ್ತುವ ಮೊದಲು ಉಳಿಯುವ ತುಂಡಿನ ಅಳತೆ ಎಂಜಿನಿಯರರ ಕಾಗದದ ಮೇಲೆ ಬರಬೇಕು.